ಇನ್ನೂ ಹುಟ್ಟದ ಹಾಡಿಗೆ ದುಡ್ಡು ಕೊಡೋದು ಯಾಕೆ?

ಹಾಡು ರೆಕಾರ್ಡ್ ಆಗಿಲ್ಲ, ಪುಸ್ತಕ ಬರೆದು ಮುಗಿದಿಲ್ಲ. ಆದರೂ ಮುಖ ನೋಡದವರ ಕೆಲಸಕ್ಕೆ ಜನ ಆನ್‌ಲೈನ್‌ನಲ್ಲಿ ದುಡ್ಡು ಹಾಕುತ್ತಾರೆ. ಬದಲಿಗೆ ಸಿಗುವ ಟೀ ಶರ್ಟೋ ಸಹಿ ಮಾಡಿದ ಪ್ರತಿಯೋ ಮಾತ್ರ ಇದಕ್ಕೆ ಕಾರಣವಲ್ಲ.

ಈ ರೂಢಿ ಇಂಟರ್ನೆಟ್‌ಗಿಂತ ತುಂಬಾ ಹಳೆಯದು. 1713ರಲ್ಲಿ ಇಂಗ್ಲಿಷ್ ಕವಿ ಅಲೆಕ್ಸಾಂಡರ್ ಪೋಪ್ ಹೋಮರನ ಕಾವ್ಯವನ್ನು ಅನುವಾದಿಸಲು ಮುಂಗಡ ಚಂದಾ ಕೇಳಿದರು. ಕೊಟ್ಟವರ ಹೆಸರು ಪುಸ್ತಕದಲ್ಲೇ ಅಚ್ಚಾಯಿತು. 1885ರಲ್ಲಿ ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆಯ ಪೀಠಕ್ಕೆ ಹಣ ಸಾಲಲಿಲ್ಲ. ಪತ್ರಿಕೆಯ ಒಡೆಯ ಜೋಸೆಫ್ ಪುಲಿಟ್ಜರ್ ಓದುಗರನ್ನೇ ಕೇಳಿದರು. ಎಷ್ಟು ಚಿಕ್ಕ ಮೊತ್ತವಾದರೂ ಸರಿ, ಹೆಸರು ಹಾಕುತ್ತೇವೆ ಎಂದರು. ಸುಮಾರು ಐದು ತಿಂಗಳಲ್ಲಿ ಲಕ್ಷ ಡಾಲರ್ ದಾಟಿತು. ಹೆಚ್ಚಿನವರು ಕೊಟ್ಟದ್ದು ಒಂದು ಡಾಲರ್‌ಗಿಂತ ಕಡಿಮೆ!

1997ರಲ್ಲಿ ಬ್ರಿಟನ್ನಿನ ರಾಕ್ ತಂಡ ಮೆರಿಲಿಯನ್‌ಗೆ ಅಮೆರಿಕ ಪ್ರವಾಸ ಮಾಡಲು ದುಡ್ಡಿರಲಿಲ್ಲ. ಅಭಿಮಾನಿಗಳೇ ಮುಂದೆ ಬಂದು ಇಂಟರ್ನೆಟ್ ಮೂಲಕ 60,000 ಡಾಲರ್ ಕೂಡಿಸಿದರು. ತಂಡ ಕೇಳಿಯೇ ಇರಲಿಲ್ಲ. ನನಗೆ ಈ ಇಡೀ ಕಥೆಯಲ್ಲಿ ಅತಿ ಮುಖ್ಯ ಅನಿಸುವುದು ಇದೇ.

2009ರಲ್ಲಿ ಶುರುವಾದ ಕಿಕ್‌ಸ್ಟಾರ್ಟರ್, ಹೀಗೆ ಜನರಿಂದ ದುಡ್ಡು ಕೂಡಿಸುವ ಜಾಲತಾಣ, ಒಂದು ನಿಯಮ ಇಟ್ಟಿತು. ಕೇಳಿದಷ್ಟು ಮೊತ್ತ ಕೂಡದಿದ್ದರೆ ಯಾರ ದುಡ್ಡೂ ಕಡಿತವಾಗುವುದಿಲ್ಲ. ಇದರಿಂದ ಹಣ ಮುಳುಗುವ ಭಯ ಸ್ವಲ್ಪ ಕಡಿಮೆಯಾಯಿತು. ಜೊತೆಗೆ, ನಾನು ಕೈ ಜೋಡಿಸದಿದ್ದರೆ ಈ ಕೆಲಸ ನಿಂತೇಹೋದೀತು ಎಂಬ ತುಡಿತವೂ ಹುಟ್ಟಿತು. ಹಾಗಾಗಿ ಕೊಟ್ಟವರೇ ಗೆಳೆಯರಿಗೂ ಹೇಳತೊಡಗಿದರು. ಒಳ್ಳೆಯದು ಆಗಬೇಕು ಎನ್ನುವುದಷ್ಟೇ ಅಲ್ಲ, ಅದರಲ್ಲಿ ನನ್ನ ಕೈಯೂ ಇರಬೇಕು ಅನ್ನುವ ಆಸೆ ಜನರಿಗಿದೆ ಎಂದು ಅರ್ಥಶಾಸ್ತ್ರಜ್ಞ ಜೇಮ್ಸ್ ಆಂಡ್ರಿಯೋನಿ 1990ರಲ್ಲೇ ಬರೆದಿದ್ದರು.

ಆದರೆ ಇದನ್ನು ಅಂಗಡಿ ಅಂದುಕೊಂಡು ಬಂದವರೂ ಇದ್ದರು. ಅಂಥವರಿಗೆ ತಡವಾದರೆ ಸಿಟ್ಟು ಬರುವುದು ಸಹಜ ಅಲ್ವಾ? 2012ರಲ್ಲಿ ಕಿಕ್‌ಸ್ಟಾರ್ಟರ್ ತಾನು ಅಂಗಡಿಯಲ್ಲ ಎಂದು ಬಾಯಿಬಿಟ್ಟು ಹೇಳಬೇಕಾಯಿತು. ಮುಕ್ಕಾಲು ಪಾಲಿಗಿಂತ ಜಾಸ್ತಿ ಯೋಜನೆಗಳು ಹೇಳಿದ ದಿನಕ್ಕೆ ಮುಗಿಯುವುದಿಲ್ಲ ಎಂದು ಸಂಶೋಧಕ ಈಥನ್ ಮೋಲಿಕ್ ಅವರ 2014ರ ಅಧ್ಯಯನ ತೋರಿಸಿತು.

2013ರಲ್ಲಿ ಬಂದ ಪೇಟ್ರಿಯಾನ್ ಎಂಬ ಇನ್ನೊಂದು ಜಾಲತಾಣದಲ್ಲಿ ಜನ ಒಂದು ಯೋಜನೆಗಲ್ಲ, ಕಲಾವಿದರಿಗೇ ತಿಂಗಳು ತಿಂಗಳು ಕೊಡತೊಡಗಿದರು. 2017ರ ಡಿಸೆಂಬರ್‌ನಲ್ಲಿ ಅದು ಪಾವತಿ ಶುಲ್ಕವನ್ನು ಕೊಡುವವರ ಮೇಲೆ ಹಾಕಲು ಹೊರಟಿತು. ಒಂದೊಂದೇ ಡಾಲರ್‌ನಂತೆ ಹಲವರಿಗೆ ಹಂಚುತ್ತಿದ್ದವರಿಗೆ ದೊಡ್ಡ ಹೊರೆಯಾಗುತ್ತಿತ್ತು. ಅನೇಕರು ನೆರವು ನಿಲ್ಲಿಸಿದರು, ಕಲಾವಿದರೂ ದನಿ ಎತ್ತಿದರು. ಸುಮಾರು ಒಂದು ವಾರದಲ್ಲೇ ಕಂಪನಿ ಕ್ಷಮೆ ಕೇಳಿ ಆ ಬದಲಾವಣೆಯನ್ನು ಕೈಬಿಟ್ಟಿತು.