ನೀರು ಬರುತ್ತೋ ಇಲ್ವೋ ಅನ್ನೋ ಟೆನ್ಶನ್

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಡ್ಯಾಮ್ ಆಗ ತುಂಬಿತ್ತು. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆ ಕಾಲುವೆ ಕೆಳಗಿನ ಊರುಗಳಲ್ಲಿ ಭತ್ತದ ನಾಟಿ ಸಾಗಿತ್ತು. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ನಾಟಿ ಕೂಲಿ ಅಂತ ಇದ್ದಬದ್ದ ದುಡ್ಡೆಲ್ಲ ಗದ್ದೆಗೆ ಸುರಿದಾಗಿದೆ, ನೀರು ನೋಡಿದರೆ ನದಿಗೆ ಹರಿದು ಹೋಗ್ತಾ ಇದೆ. ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗದಲ್ಲಿ ನೀರು ತಡೆಯುವ ತಾತ್ಕಾಲಿಕ ಉಕ್ಕಿನ ಅಡ್ಡ, ಇಳಿಸಿ 17ರ ಹೊತ್ತಿಗೆ ಆ ಹರಿವನ್ನು ನಿಲ್ಲಿಸಿತು. ಆದರೆ ನಡುವಿನ ಆ ಒಂದು ವಾರ ಇದೆಯಲ್ಲ, ನಾನು ಹೇಳಬೇಕಿರುವುದು ಅದರ ಬಗ್ಗೆ.

ಸಿರುಗುಪ್ಪ ಕಡೆ ಇರುವ ನಮ್ಮ ಮಾವ ಆ ವಾರ ಸರಿಯಾಗಿ ಊಟ ಮಾಡಲಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಕೂರೋರು. ವಾಟ್ಸಾಪ್‌ನಲ್ಲಿ ಡ್ಯಾಮಿನ ಲೆವೆಲ್ ನೋಡೋರು, ಮೊಬೈಲ್ ಇಡೋರು, ಮತ್ತೆ ತೆಗೆಯೋರು. ಕತ್ತು ಹಿಡಿದಿತ್ತು, ಎದೆ ಢವಢವ ಅಂತಿತ್ತು. ಫೋನಿನಲ್ಲಿ ಒಂದು ಮಾತು ಹೇಳಿದರು: "ಬಿಡಲ್ಲ ಅಂತ ಒಂದೇ ಮಾತು ಹೇಳಿಬಿಟ್ರೆ ಬ್ಯಾರೆ ದಾರಿ ನೋಡ್ಕೊಂತೀನಪ್ಪ. ಬರುತ್ತೋ ಇಲ್ಲೋ ಅನ್ನೋದೇ ತಲೆ ತಿನ್ನಾಕತ್ತೈತಿ."

ವಿಜ್ಞಾನವೂ ಇದನ್ನೇ ಹೇಳುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 45 ಜನರಿಗೆ ಒಂದು ಕಂಪ್ಯೂಟರ್ ಆಟ ಆಡಿಸಿದ್ದರು, ಅದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಪರದೆ ಮೇಲೆ ಕಲ್ಲು ಕಾಣಿಸುತ್ತದೆ. ಅದರ ಅಡಿಯಲ್ಲಿ ಹಾವಿದೆಯೋ ಇಲ್ಲವೋ ಊಹಿಸಬೇಕು. ಹಾವು ಇತ್ತು ಅಂದರೆ ಕೈಗೆ ನೋವಾಗುವಂಥ ಕರೆಂಟ್ ಶಾಕ್. ಆಡುವಾಗಲೇ ಅವರ ಬೆವರು, ಕಣ್ಣಿನ ಪಾಪೆಯ ಅಗಲ ಎಲ್ಲ ಅಳೆದರು. ಶಾಕ್ ಗ್ಯಾರಂಟಿ ಅಂತ ಗೊತ್ತಿದ್ದಾಗ ಹೇಗೋ ತಡೆದುಕೊಂಡರು. ಅರ್ಧಕ್ಕರ್ಧ ಚಾನ್ಸ್ ಇದ್ದಾಗಲೇ ಟೆನ್ಶನ್ ಎಲ್ಲಕ್ಕಿಂತ ಜಾಸ್ತಿ ಏರಿತ್ತು.

ಅಂದರೆ ನಮ್ಮನ್ನು ಹೆಚ್ಚು ಸವೆಸುವುದು ಮೈಮುರಿಯುವ ಕೆಲಸವೂ ಅಲ್ಲ, ಕೆಟ್ಟ ಸುದ್ದಿಯೂ ಅಲ್ಲ. ಏನಾಗುತ್ತೆ ಅಂತ ಗೊತ್ತಿಲ್ಲದೆ ಕಾಯುವುದು. ಟೆನ್ಶನ್ ಕಮ್ಮಿ ಮಾಡಿಕೊಳ್ಳಿ ಅಂತ ಹೇಳುವವರು ತುಂಬಾ ಜನ, ಈ ಕಾಯುವಿಕೆಯ ಮಾತು ಎತ್ತುವವರು ಮಾತ್ರ ಕಡಿಮೆ.

ಮೈಯೊಳಗೆ ಏನು ನಡೆಯುತ್ತೆ ನೋಡೋಣ. ಅಪಾಯ ಅಂತ ಮೆದುಳಿಗೆ ಅನ್ನಿಸಿದ ಕೆಲವೇ ಸೆಕೆಂಡಿನಲ್ಲಿ ಕಿಡ್ನಿಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಎದೆಬಡಿತ ಏರುತ್ತೆ, ಬಿಪಿ ಏರುತ್ತೆ, ರಕ್ತ ಹೊಟ್ಟೆ ಕಡೆಯಿಂದ ಕೈಕಾಲಿನ ಕಡೆ ತಿರುಗುತ್ತೆ. ಹೋರಾಡು ಇಲ್ಲವೇ ಓಡು ಅನ್ನುವ ಈ ಸಿದ್ಧತೆಯನ್ನು ಅಮೆರಿಕದ ವಾಲ್ಟರ್ ಕ್ಯಾನನ್ ನೂರು ವರ್ಷದ ಹಿಂದೆಯೇ ವಿವರಿಸಿದ್ದರು. ಅದರ ಹಿಂದೆಯೇ ಎರಡನೇ ಅಲೆ ಬರುತ್ತೆ, ಸ್ವಲ್ಪ ನಿಧಾನವಾಗಿ. ಮೆದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಹೇಳುತ್ತೆ, ಪಿಟ್ಯುಟರಿ ಅಡ್ರಿನಲ್‌ಗೆ ಹೇಳುತ್ತೆ, ಅಲ್ಲಿಂದ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಹೊರಡುತ್ತೆ. ಲಿವರಿನಿಂದ ಸಕ್ಕರೆ ರಕ್ತಕ್ಕೆ ಬರುವಂತೆ ನೋಡಿಕೊಳ್ಳೋದು ಇದರ ಕೆಲಸ. ಸಾಲ ಕೊಟ್ಟವನಂತೆ ಮನೆಬಾಗಿಲಿಗೆ ಬಂದು ಕೂರುವ ರಾಸಾಯನಿಕ ಏನಲ್ಲ ಇದು. ಕಾರ್ಟಿಸಾಲ್ ದಿನಾ ಬೆಳಿಗ್ಗೆ ಎದ್ದ ಅರ್ಧ ಗಂಟೆಯಲ್ಲಿ ತಾನಾಗೇ ಏರಿ ನಮ್ಮನ್ನು ಚುರುಕು ಮಾಡುತ್ತೆ, ಮಧ್ಯರಾತ್ರಿ ಹೊತ್ತಿಗೆ ತೀರಾ ಇಳಿಯುತ್ತೆ. ಹಾವು ಕಂಡರೆ, ಲಾರಿ ಅಡ್ಡ ಬಂದರೆ ಇದೆಲ್ಲ ಬೇಕೇ ಬೇಕು. ಅಪಾಯ ಕಳೆದರೆ ತಾನಾಗೇ ಇಳಿಯುತ್ತೆ.

ಇಳಿಯೋಕೆ ಬಿಟ್ಟರೆ ತಾನೇ? ರಾತ್ರಿ ಎರಡಕ್ಕೆ ಡ್ಯಾಮಿನ ಲೆವೆಲ್ ನೋಡಿದರೆ ಇಳಿಯುವ ಹೊತ್ತಿನಲ್ಲೇ ಮತ್ತೆ ಏರಿಸಿದ ಹಾಗೆ. ಹೀಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಏರಿಯೇ ಇದ್ದರೆ ದೇಹ ಒಳಗೊಳಗೇ ಸವೆಯುತ್ತೆ. ಬ್ರೂಸ್ ಮೆಕ್‌ಎವನ್ ಅನ್ನುವ ವಿಜ್ಞಾನಿ 1993ರಲ್ಲಿ ಈ ಸವೆತಕ್ಕೆ ಅಲೊಸ್ಟ್ಯಾಟಿಕ್ ಲೋಡ್ ಅಂತ ಹೆಸರಿಟ್ಟರು. ಬಿಪಿ ಏರಿದ್ದು ಇಳಿಯೋದಿಲ್ಲ, ಶುಗರ್ ಇರೋರಿಗೆ ಶುಗರ್ ಹತೋಟಿಗೆ ಬರೋದಿಲ್ಲ, ಗಾಯ ಬೇಗ ಮಾಯೋದಿಲ್ಲ. ಗಾಯದ ಮಾತು ಊಹೆಯಲ್ಲ. ಮರೆವಿನ ಕಾಯಿಲೆ ಬಂದ ಮನೆಯವರನ್ನು ವರ್ಷಗಳಿಂದ ನೋಡಿಕೊಳ್ಳುತ್ತಿದ್ದ ಹೆಂಗಸರ ತೋಳಿನಲ್ಲಿ ಅಮೆರಿಕದ ಸಂಶೋಧಕರು 3.5 ಮಿಲಿಮೀಟರಿನ ಪುಟ್ಟ ಗಾಯ ಮಾಡಿ ನೋಡಿದರು. ಅಂಥ ಹೊರೆ ಇಲ್ಲದ ಅದೇ ವಯಸ್ಸಿನ ಹೆಂಗಸರಿಗಿಂತ ಇವರ ಗಾಯ ಮಾಯಲು ಸರಾಸರಿ 9 ದಿನ ಜಾಸ್ತಿ ಹಿಡಿಯಿತು. ಇದು 1995ರಲ್ಲಿ ಪ್ರಕಟವಾದ ಅಧ್ಯಯನ.

ಹಾಗಂತ ಎಲ್ಲ ಕಾಯಿಲೆಯನ್ನೂ ಟೆನ್ಶನ್ ತಲೆಗೆ ಕಟ್ಟಬೇಡಿ. ಹೊಟ್ಟೆ ಅಲ್ಸರ್ ಟೆನ್ಶನ್‌ನಿಂದಲೇ ಬರುತ್ತೆ ಅಂತ ಬಹಳ ಕಾಲ ನಂಬಿದ್ದರು. ಅದರ ಹಿಂದೆ ಮುಖ್ಯವಾಗಿ ಒಂದು ಬ್ಯಾಕ್ಟೀರಿಯಾ ಇದೆ ಅಂತ ತೋರಿಸಿದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಎದೆನೋವನ್ನಂತೂ ಟೆನ್ಶನ್ ಅಂತ ಸುಮ್ನೆ ಬಿಡಲೇಬಾರದು. ಮೊದಲು ಆಸ್ಪತ್ರೆ, ಇಸಿಜಿ. ಆಮೇಲೆ ಉಳಿದ ಮಾತು.

ರೈತರದು ಒಂದು ಕಥೆಯಾದರೆ ಬಳ್ಳಾರಿಯ ಜೀನ್ಸ್ ಕೆಲಸದವರದು ಇನ್ನೊಂದು. ಪೀಸ್ ಲೆಕ್ಕದಲ್ಲಿ ಹೊಲಿಯುವ ಒಂದು ಮನೆಯನ್ನು ಹತ್ತಿರದಿಂದ ನೋಡಿದ್ದೇನೆ. ಮುಂದಿನ ವಾರ ಎಷ್ಟು ಪೀಸ್ ಬರುತ್ತೆ ಗೊತ್ತಿಲ್ಲ. ಶನಿವಾರ ಬಟವಾಡೆ ಅಂತಾರೆ, ಆಗುತ್ತೋ ಸೋಮವಾರಕ್ಕೆ ಹೋಗುತ್ತೋ ಗೊತ್ತಿಲ್ಲ. ಸಂಘದ ಸಾಲದ ಕಂತಿನ ದಿನ ಮಾತ್ರ ಪಕ್ಕಾ. ಆ ಅಕ್ಕ ಬೆಳಗಿಂದ ರಾತ್ರಿವರೆಗೆ ಮಷಿನ್ ಮುಂದೆ ಕೂತರೂ ದುಡಿತದ ಬಗ್ಗೆ ಒಂದು ಮಾತು ಆಡೋಳಲ್ಲ. ಬಾಗಿಲಲ್ಲಿ ಬೈಕ್ ಸದ್ದಾದರೆ ಸಾಕು, ಅವಳ ಕಾಲು ಪೆಡಲ್ ಮೇಲೆ ನಿಂತುಬಿಡುತ್ತೆ. ಇಂಥವರಿಗೆ ಧ್ಯಾನ ಮಾಡಿ, ಪಾಸಿಟಿವ್ ಆಗಿರಿ ಅಂತ ಹೇಳಿ ಕೈ ತೊಳೆದುಕೊಳ್ಳೋದು ನನಗೆ ಸರಿ ಕಾಣೋದಿಲ್ಲ. ಬಟವಾಡೆ ಯಾವ ದಿನ ಅಂತ ಮೊದಲೇ ಹೇಳಿ ಆ ದಿನ ಕೊಟ್ಟರೆ ಮಾಲೀಕರಿಗೆ ಒಂದು ಪೈಸೆ ಹೆಚ್ಚಿನ ಖರ್ಚಿಲ್ಲ. ಕಾಲುವೆಗೆ ಎಂದಿನಿಂದ ಎಂದಿನವರೆಗೆ ನೀರು ಅಂತ ನಾಟಿಗೆ ಮುಂಚೆಯೇ ಹೇಳಿ, ಬದಲಾದರೆ ಅದನ್ನೂ ಅದೇ ದಿನ ತಿಳಿಸಿದರೆ ಕೊನೆ ಭಾಗದ ಊರುಗಳಲ್ಲಿ ಎಷ್ಟು ಜನ ನೆಮ್ಮದಿಯಾಗಿ ಮಲಗಬಹುದು ಯೋಚಿಸಿ. ಇದೂ ಆರೋಗ್ಯದ ಕೆಲಸವೇ.

ನಮ್ಮ ಕೈಯಲ್ಲಿ ಇರೋದು ಏನು? ಮೊದಲನೆಯದು, ಗೊತ್ತಿಲ್ಲದ್ದನ್ನು ಸಾಧ್ಯವಾದಷ್ಟು ಸಣ್ಣದು ಮಾಡೋದು. ಮಾವನಿಗೆ ಅವರ ಮಗಳು ಒಂದು ಹಾಳೆ ಕೊಟ್ಟು ಬರೆಸಿದಳು. ತಿಂಗಳ ಕೊನೆವರೆಗೆ ನೀರು ಬಂದರೆ ಹೀಗೆ, ಬರದಿದ್ದರೆ ಹಿಂಗಾರಿಗೆ ಕಡಲೆ ಇಲ್ಲಾ ಜೋಳ, ಬೀಜಕ್ಕೆ ಇಷ್ಟು ದುಡ್ಡು, ಯಾರ ಹತ್ರ ಕೇಳೋದು. ನಷ್ಟದ ಲೆಕ್ಕವೂ ಅದರಲ್ಲೇ ಇತ್ತು. ಲೆಕ್ಕ ದೊಡ್ಡದೇ, ಆದರೆ ಅದಕ್ಕೊಂದು ಅಂಕಿ ಸಿಕ್ಕಿತು. ಡ್ಯಾಮಿನ ಸುದ್ದಿ ನೋಡೋದು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅಂತ ಗೊತ್ತು ಮಾಡಿದಳು. ಆ ರಾತ್ರಿ ಪೂರ್ತಿ ನಿದ್ದೆ ಬಂತು ಅಂತ ನಾನು ಹೇಳಲ್ಲ, ಆದರೆ ಮೊಬೈಲ್ ಮಾತ್ರ ಪಡಸಾಲೆಯಲ್ಲೇ ಉಳಿಯಿತು.

ಎರಡನೆಯದು ಉಸಿರು. ಉಸಿರು ಬಿಡುವಾಗ ವೇಗಸ್ ಅನ್ನುವ ನರ ಎದೆಬಡಿತವನ್ನು ಸ್ವಲ್ಪ ನಿಧಾನ ಮಾಡುತ್ತೆ, ಎಳೆಯುವಾಗ ಬಡಿತ ಸ್ವಲ್ಪ ಏರುತ್ತೆ. ಹಾಗಾಗಿ ಬಿಡುವ ಉಸಿರನ್ನು ಉದ್ದ ಮಾಡಿದರೆ ಎದೆ ತಣ್ಣಗಾಗುತ್ತೆ. ಮೂಗಿನಿಂದ ಉಸಿರು ಎಳೆದು, ಅದರ ಮೇಲೇ ಇನ್ನೊಂದು ಗುಕ್ಕು ಎಳೆದು, ಬಾಯಿಂದ ನಿಧಾನವಾಗಿ ಪೂರ್ತಿ ಬಿಡಬೇಕು. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ದಿನಕ್ಕೆ 5 ನಿಮಿಷದಂತೆ ಒಂದು ತಿಂಗಳು ಇದನ್ನು ಮಾಡಿಸಿ ನೋಡಿದಾಗ ಮನಸ್ಸು ಹಗುರಾಗುವುದರಲ್ಲಿ ಸುಮ್ಮನೆ ಉಸಿರನ್ನು ಗಮನಿಸುವ ಧ್ಯಾನಕ್ಕಿಂತ ಇದೇ ಮೇಲಾಗಿತ್ತು. 2023ರಲ್ಲಿ ಪ್ರಕಟವಾಯಿತು. ಗದ್ದೆ ಬದುವಿನ ಮೇಲೆ ಕೂತೂ ಮಾಡಬಹುದು, ಮಷಿನ್ ಮುಂದೆಯೂ ಮಾಡಬಹುದು. ಇದರಿಂದ ಸಾಲ ತೀರೋದಿಲ್ಲ. ಸಾಲದ ಬಗ್ಗೆ ಯೋಚಿಸೋಕೆ ತಲೆ ಸ್ವಲ್ಪ ತಿಳಿಯಾಗುತ್ತೆ, ಅಷ್ಟೇ.

ನಿದ್ದೆಯ ವಿಷಯ ನಮ್ಮ ಕಡೆ ಬೇರೆಯೇ. ನಿದ್ದೆ ಹತ್ತಬೇಕಾದರೆ ಮೈಯೊಳಗಿನ ಬಿಸಿ ಸ್ವಲ್ಪ ಇಳಿಯಬೇಕು. ಬಳ್ಳಾರಿ, ರಾಯಚೂರಿನ ಏಪ್ರಿಲ್ ಮೇ ತಿಂಗಳಲ್ಲಿ ಹಗಲು 40 ಡಿಗ್ರಿ ದಾಟುತ್ತೆ, ಕಾದ ಗೋಡೆ ರಾತ್ರಿಯೆಲ್ಲ ಬಿಸಿ ಕಕ್ಕುತ್ತೆ. ಹಿಂದೆ ಎಲ್ಲರೂ ಮಾಳಿಗೆ ಮೇಲೆ ಮಲಗುತ್ತಿದ್ದರಲ್ಲ, ಅದಕ್ಕೆ ಅರ್ಥವಿದೆ. ಆಗದವರು ಮಲಗುವ ಮುಂಚೆ ಉಗುರುಬೆಚ್ಚಗಿನ ನೀರಿನ ಸ್ನಾನ ಮಾಡಿ ನೋಡಿ, ಚರ್ಮದ ಕಡೆ ರಕ್ತ ಹರಿದು ಒಳಗಿನ ಬಿಸಿ ಹೊರಗೆ ಹೋಗುತ್ತೆ. ಸಂಜೆಯ ಟೀ ಬಿಡೋದು ಕಷ್ಟ, ಗೊತ್ತು. ಆದರೆ ಅದರಲ್ಲಿರುವ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಗುಟ್ಕಾ ಹಾಕಿದರೆ ಟೆನ್ಶನ್ ಕಮ್ಮಿ ಆಗುತ್ತೆ ಅಂತಾರೆ, ಅದರಲ್ಲಿರುವ ನಿಕೋಟಿನ್ ಎದೆಬಡಿತ ಏರಿಸುತ್ತೆ. ಕುಡಿದರೆ ನಿದ್ದೆ ಬೇಗ ಬರುತ್ತೆ, ನಡುರಾತ್ರಿ ಮುರಿಯುತ್ತೆ. ತೋರಣಗಲ್ಲಿನ ಕಾರ್ಖಾನೆಗಳಲ್ಲಿ ನೈಟ್ ಶಿಫ್ಟ್ ಮಾಡುವವರಿಗೆ ಕಾರ್ಟಿಸಾಲ್‌ನ ಲಯವೇ ಏರುಪೇರಾಗುತ್ತೆ. ಹಗಲು ಮಲಗಿದಾಗ ಅವರನ್ನು ಸಣ್ಣಪುಟ್ಟದಕ್ಕೆ ಎಬ್ಬಿಸದಿರುವುದು ಮನೆಯವರು ಮಾಡಬಹುದಾದ ದೊಡ್ಡ ಉಪಕಾರ.

ದಿನಾ ಮೈ ಬಗ್ಗಿಸಿ ದುಡಿಯುವ ನಮಗೆ ವಾಕಿಂಗ್ ಯಾಕೆ ಅಂತ ಕೇಳುವವರ ಮಾತಿನಲ್ಲಿ ನ್ಯಾಯವಿದೆ. ಅವರಿಗೆ ಬೇಕಿರೋದು ವಿಶ್ರಾಂತಿ, ಜೊತೆಗೆ ಮಾತು. ಗಂಡಸರಿಗೆ ಕಟ್ಟೆ ಇದೆ, ಟೀ ಅಂಗಡಿ ಇದೆ. ಹೆಂಗಸರಿಗೆ ಸಂಘದ ಮೀಟಿಂಗ್ ಬಿಟ್ಟರೆ ಕೂತು ಮಾತಾಡುವ ಜಾಗ ಕಮ್ಮಿ, ಅಲ್ಲೂ ಕಂತಿನ ಮಾತೇ ಜಾಸ್ತಿ. ಹತ್ತಿರದವರೊಬ್ಬರು ಪಕ್ಕದಲ್ಲಿದ್ದು ಧೈರ್ಯ ಹೇಳಿದರೆ ಕಾರ್ಟಿಸಾಲ್ ಏರುವುದೇ ಕಮ್ಮಿಯಾಗುತ್ತೆ ಅಂತ ಕೆಲವು ಪ್ರಯೋಗಗಳಲ್ಲಿ ಕಂಡಿದೆ.

ಎರಡು ವಾರ ಕಳೆದರೂ ನಿದ್ದೆ ಬರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಅದು ಬರೀ ಟೆನ್ಶನ್ ಅಲ್ಲ, ಡಾಕ್ಟರ್ ನೋಡಬೇಕಾದ ವಿಷಯ. ಸಾಯೋ ಮಾತು ಬಾಯಿಗೆ ಬಂದಿದ್ದರಂತೂ ಎರಡು ವಾರ ಕಾಯೋದು ಬೇಡ, ಅವತ್ತೇ ಕರೆದುಕೊಂಡು ಹೋಗಿ. ಅಂಥವರು ಇರುವ ಮನೆಯಲ್ಲಿ ಬೆಳೆಗೆ ಹೊಡೆಯುವ ಎಣ್ಣೆ ಡಬ್ಬಿ ಇಡಬೇಡಿ. ಬೇರೆಯವರ ಮನೆಯಲ್ಲಿ ಬೀಗ ಹಾಕಿಸಿಡಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಆಸ್ಪತ್ರೆಗೆ ಹೋಗಲು ನಾಚಿಕೆ ಪಡುವ ನಮ್ಮ ಜಿಲ್ಲೆಯವರಿಗೆ ಒಂದು ಸಂಗತಿ ಗೊತ್ತಿರಲಿ. ಮನಸ್ಸಿನ ಕಾಯಿಲೆಗೆ ದೊಡ್ಡ ಊರಿಗೇ ಹೋಗಬೇಕಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್, ನರ್ಸ್‌ಗಳಿಗೆ ತರಬೇತಿ ಕೊಟ್ಟರೆ ಅಲ್ಲೇ ನೋಡಬಹುದು ಅಂತ ಬೆಂಗಳೂರಿನ ನಿಮ್ಹಾನ್ಸ್ 1985ರಿಂದ ಇಡೀ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದು ಬಳ್ಳಾರಿಯಲ್ಲೇ. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ ಮಾದರಿಯಾಗಿ ತೆಗೆದುಕೊಂಡಿದ್ದೂ ಇದನ್ನೇ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವಂತೆ ರಾಜ್ಯ ಸರ್ಕಾರ 2014ರಲ್ಲಿ ಮನೋಚೈತನ್ಯ ಕಾರ್ಯಕ್ರಮವನ್ನೂ ತಂದಿತು. ನಿಮ್ಮ ತಾಲ್ಲೂಕಿನಲ್ಲಿ ಯಾವ ಹೊತ್ತಿಗೆ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಹೋಗುವಾಗ ಬಿಪಿ, ಶುಗರ್ ಮಾತ್ರೆಗಳ ಚೀಟಿ ಜೊತೆಗಿರಲಿ, ಎಷ್ಟು ದಿನದಿಂದ ನಿದ್ದೆ ಇಲ್ಲ ಅನ್ನೋದನ್ನು ಮೊದಲೇ ಹೇಳಿ.