ತಾರಸಿಯ ವಾಲ್ವ್‌ಗಳಿಗೆ ಅಳಿಸದ ಗುರುತು ಹಾಕುವುದು ಹೇಗೆ?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿರುವ ಎರಡಂತಸ್ತಿನ ಮನೆ. ತಾರಸಿಯಲ್ಲಿ ಏಳು ವಾಲ್ವ್‌ಗಳಿವೆ. ಯಾವುದು ಎಲ್ಲಿಗೆ ಎಂದು ಪ್ಲಂಬರ್ ಮಾರ್ಕರ್ ಪೆನ್ನಿನಲ್ಲಿ ಬರೆದುಕೊಟ್ಟಿದ್ದರು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಎಲ್ಲವೂ ಮಾಸಿಹೋಯಿತು. ಬಹುಕಾಲ ಉಳಿಯುವಂತೆ ಗುರುತು ಹಾಕುವುದು ಹೇಗೆ?

ಉತ್ತರ: ಕಾವೇರಿ ನೀರು, ಬೋರ್‌ವೆಲ್ ನೀರು, ಸಂಪು, ಓವರ್‌ಹೆಡ್ ಟ್ಯಾಂಕ್, ಸೋಲಾರ್ ಇವೆಲ್ಲ ಒಂದೇ ಮನೆಯಲ್ಲಿ ಕೂಡುವ ನಮ್ಮೂರಿನಲ್ಲಿ ಈ ಪ್ರಶ್ನೆ ಬಹಳ ಮುಖ್ಯವಾದದ್ದು. ಎರಡು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ನಡುರಾತ್ರಿ ಕಮೋಡಿನ ಹಿಂದಿನ ಕನೆಕ್ಷನ್ ಪೈಪ್ ಒಡೆದಾಗ, ಟಾರ್ಚ್ ಹಿಡಿದು ತಾರಸಿಗೆ ಓಡಿದ ನಾನು ಸರಿಯಾದ ವಾಲ್ವನ್ನು ಮುಟ್ಟುವ ಹೊತ್ತಿಗೆ ನೀರು ಹಜಾರ ದಾಟಿತ್ತು. ಅಂದು ತಿರುಗಿಸಿದ ಮೊದಲ ಮೂರೂ ಬೇರೆ ಕಡೆಯವು.

ಬರೆಯುವ ಮುನ್ನ ಯಾವ ವಾಲ್ವ್ ಯಾವ ನಲ್ಲಿಯನ್ನು ನಿಲ್ಲಿಸುತ್ತದೆ ಎಂಬುದನ್ನು ಪರೀಕ್ಷಿಸಿ ತಿಳಿಯಬೇಕು; ಪೈಪ್ ಹೋಗುವ ದಿಕ್ಕು ನೋಡಿ ಊಹಿಸಬಾರದು. ಒಬ್ಬರು ತಾರಸಿಯಲ್ಲಿ ಒಂದೊಂದೇ ವಾಲ್ವ್ ಮುಚ್ಚುತ್ತಾ ಬರಲಿ, ಇನ್ನೊಬ್ಬರು ಕೆಳಗೆ ಎಲ್ಲ ನಲ್ಲಿಗಳನ್ನೂ ಫ್ಲಶ್‌ಗಳನ್ನೂ ತೆರೆದು ನೋಡಲಿ. ಪೈಪಿನಲ್ಲಿ ಉಳಿದ ನೀರು ಸ್ವಲ್ಪ ಹೊತ್ತು ಹರಿಯುವುದರಿಂದ ಪ್ರತಿ ಸಲವೂ ಎರಡು ಮೂರು ನಿಮಿಷ ಕಾಯಬೇಕು.

ಇನ್ನು ಗುರುತಿನ ವಿಷಯ. ಮಾರ್ಕರ್ ಶಾಯಿಯನ್ನು ಬಿಸಿಲು ತಿನ್ನುತ್ತದೆ, ಕಾಗದದ ಸ್ಟಿಕರ್ ಮಳೆಗೆ ಏಳುತ್ತದೆ, ಸೋಲಾರಿನ ಬಿಸಿನೀರಿನ ಪೈಪಿನ ಮೇಲೆ ಅಂಟು ಸಡಿಲಗೊಂಡು ಜಾರುತ್ತದೆ. ನನ್ನ ಅನುಭವದಲ್ಲಿ ಉಳಿಯುವುದು ಲೋಹದ ಬಿಲ್ಲೆ ಮಾತ್ರ. ಸುಮಾರು ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ಸ್ಟೀಲ್ ತುಂಡಿನ ಮೇಲೆ, ನೇಮ್‌ಪ್ಲೇಟ್ ಮಾಡುವವರಿಂದ ‘3 – ಅಡುಗೆಮನೆ ತಣ್ಣೀರು’ ಎಂದು ಕೆತ್ತಿಸಿ, ಅಂಚಿನಲ್ಲಿ ತೂತು ಕೊರೆಸಿ. ಅಂಕಿಯ ಅಚ್ಚುಗಳು ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತವೆ, ಸುತ್ತಿಗೆಯಿಂದ ನೀವೇ ಒತ್ತಬಹುದು. ಆದರೆ ಅಂಕಿಯೊಂದೇ ಸಾಲದು. ನೀರು ಚಿಮ್ಮುತ್ತಿರುವಾಗ ಯಾರೂ ಯಾವ ಅಂಕಿ ಯಾವುದಕ್ಕೆ ಎಂಬ ಪಟ್ಟಿ ಹುಡುಕಿಕೊಂಡು ಹೋಗುವುದಿಲ್ಲ. ಅಂಕಿ ಇರಬೇಕಾದದ್ದು ಕನ್ನಡ ಓದಲು ಬಾರದ ಪ್ಲಂಬರಿಗೂ ಫೋನಿನಲ್ಲಿ ‘ಮೂರನೆಯದನ್ನು ಮುಚ್ಚಿ’ ಎಂದು ಹೇಳಲು ಅನುಕೂಲವಾಗಲಿ ಎಂದು.

ಬಿಲ್ಲೆಯನ್ನು ವಾಲ್ವಿನ ಹಿಡಿಗೆ ಕಟ್ಟಬೇಡಿ. ಹಿಡಿ ಮುರಿದು ಬದಲಾಯಿಸಿದ ದಿನ ಅದೂ ಕಳೆದುಹೋಗುತ್ತದೆ. ವಾಲ್ವಿನ ಪಕ್ಕದ ಪೈಪಿಗೇ ಸ್ಟೇನ್‌ಲೆಸ್ ಸ್ಟೀಲ್ ತಂತಿಯಿಂದ ಸಡಿಲವಾಗಿ ಕಟ್ಟಿ. ಸಾಮಾನ್ಯ ಕಟ್ಟುತಂತಿ ತುಕ್ಕು ಹಿಡಿಯುತ್ತದೆ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ತಾಮ್ರದ ತಂತಿ ತಾಗಿದರೆ, ತೇವವಿದ್ದಾಗ ಪೈಪೇ ಸವೆಯುತ್ತದೆ. ಕೇಬಲ್ ಟೈ ಬಳಸುವುದಾದರೆ ಕಪ್ಪುಬಣ್ಣದ್ದನ್ನೇ ಆರಿಸಿ, ಬಿಳಿಯದು ಬಿಸಿಲಿಗೆ ಬೇಗ ಸೆಟೆದು ತುಂಡಾಗುತ್ತದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಮನೆಯೊಳಗೆ ಬಿಸಿನೀರಿಗೆ ಬಳಸುವ ಕೆನೆಬಣ್ಣದ ಸಿಪಿವಿಸಿ ಪ್ಲಾಸ್ಟಿಕ್ ಪೈಪಿಗೆ ಎಲೆಕ್ಟ್ರಿಷಿಯನ್‌ಗಳ ಬಣ್ಣದ ಪಿವಿಸಿ ಟೇಪನ್ನು ಸುತ್ತಬಾರದು, ಏಕೆಂದರೆ ಟೇಪನ್ನು ಮೆದುವಾಗಿಡಲು ಬೆರೆಸಿದ ರಾಸಾಯನಿಕವು ನಿಧಾನವಾಗಿ ಪೈಪಿಗೆ ಇಳಿದು ಬಿರುಕು ಬಿಡಿಸಬಲ್ಲದು. ಥಿನ್ನರ್ ಬೆರೆಸುವ ಬಣ್ಣವೂ ಬೇಡ. ಬಣ್ಣದ ಪಟ್ಟಿ ಬೇಕೆನಿಸಿದರೆ ನೀರಿನಲ್ಲಿ ಕಲೆಸುವ ಅಕ್ರಿಲಿಕ್ ಬಣ್ಣ ಸಾಕು. ಬಯಲಿನಲ್ಲಿರುವ ಪೈಪಿಗೆ ಅದು ಬಿಸಿಲಿನಿಂದ ರಕ್ಷಣೆಯನ್ನೂ ಕೊಡುತ್ತದೆ. ಪೈಪ್‌ಲೈನ್ ಬಣ್ಣಗಳಿಗೆ ಐಎಸ್ 2379 ಎಂಬ ಭಾರತೀಯ ಮಾನಕವಿದ್ದು, ಅದರಲ್ಲಿ ನೀರಿಗೆ ಸಮುದ್ರಹಸಿರು ಮೂಲಬಣ್ಣ; ಆದರೆ ಮನೆಯಲ್ಲಿ ಬೇಕಾದ ಅಡುಗೆಮನೆ, ಬಚ್ಚಲುಮನೆಗಳ ಭೇದವನ್ನು ಬಣ್ಣ ತಿಳಿಸಲಾರದು.

ಅಪಾರ್ಟ್‌ಮೆಂಟಿನಲ್ಲಿ ಶುದ್ಧೀಕರಿಸಿದ ಕೊಳಚೆನೀರು ಫ್ಲಶ್‌ಗೆ ಬರುತ್ತಿದ್ದರೆ, ಆ ಪೈಪಿನ ಮೇಲೆ ಅಲ್ಲಲ್ಲಿ ‘ಕುಡಿಯುವ ನೀರಲ್ಲ’ ಎಂಬ ಬಿಲ್ಲೆ ಕಡ್ಡಾಯವಾಗಿ ಇರಲಿ. ರಿಪೇರಿಯ ಹೊತ್ತಿನಲ್ಲಿ ಎರಡು ಪೈಪ್‌ಗಳು ಅದಲುಬದಲಾದರೆ ಮಕ್ಕಳು ಕುಡಿಯುವ ನಲ್ಲಿಯಲ್ಲೇ ಆ ನೀರು ಬಂದೀತು.

ಬಾಲ್ ವಾಲ್ವಿನ ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ದುಂಡುಚಕ್ರದ ಗೇಟ್ ವಾಲ್ವಿನಲ್ಲಿ ಇದು ಹೊರಗಿನಿಂದ ಕಾಣುವುದಿಲ್ಲ. ಆದ್ದರಿಂದ ಎಷ್ಟು ಸುತ್ತು ತಿರುಗಿಸಿದರೆ ಪೂರ್ತಿ ಮುಚ್ಚುತ್ತದೆ ಎಂಬುದನ್ನು ಎಣಿಸಿ ಬಿಲ್ಲೆಯ ಹಿಂಬದಿಯಲ್ಲಿ ಕೆತ್ತಿಸಿ. ಬೋರ್ ನೀರಿನ ಗಡಸಿಗೆ ಈ ಗೇಟ್ ವಾಲ್ವ್‌ಗಳು ಬಿಗಿದುಕೊಳ್ಳುವುದರಿಂದ ಮೂರು ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ತೆರೆಯುತ್ತಿರಿ, ತೆರೆದ ಮೇಲೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಬಿಡಿ.