ನನ್ ನೆಟ್‌ವರ್ಕ್, ನಿನ್ ನೆಟ್‌ವರ್ಕ್

ಒಂದೇ ಯಂತ್ರದೊಳಗೆ ಪ್ರೋಗ್ರಾಮುಗಳಿಗೆ ಕಟ್ಟಿಕೊಡುವ ಬೇರೆ ಬೇರೆ ಕೋಣೆಗಳೇ ಕಂಟೈನರುಗಳು. ಲಿನಕ್ಸಿನಲ್ಲಿ ಎಲ್‌ಎಕ್ಸ್‌ಸಿ ಅನ್ನುವ ಸಾಧನ ಬಳಸಿ ಕಂಟೈನರ್ ಮಾಡುವಾಗ, ಅದರ ನೆಟ್‌ವರ್ಕ್ ಯಾವ ಬಗೆಯದು ಅಂತ ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಬರೆಯುತ್ತೇವೆ. ಅಲ್ಲಿ ‘ನನ್’ (none, ‘ಯಾವುದೂ ಇಲ್ಲ’) ಅಂತ ಬರೆದರೆ ಏನಾಗುತ್ತದೆ ಹೇಳಿ ನೋಡೋಣ. ನೆಟ್‌ವರ್ಕೇ ಇರುವುದಿಲ್ಲ ಅಂದಿರಾ? ಡಾಕರ್ ಅನ್ನುವ ಇನ್ನೊಂದು ಕಂಟೈನರ್ ಸಾಧನದಲ್ಲಾದರೆ ಆ ಉತ್ತರ ಸರಿ. ಎಲ್‌ಎಕ್ಸ್‌ಸಿಯಲ್ಲಿ ಪೂರಾ ಉಲ್ಟಾ. ಇಲ್ಲಿ ‘ನನ್’ ಅಂದರೆ ಗೋಡೆಯೇ ಇಲ್ಲ, ಹೋಸ್ಟ್ ಯಂತ್ರದ (ಕಂಟೈನರನ್ನು ಹೊತ್ತಿರುವ ಯಂತ್ರದ) ನೆಟ್‌ವರ್ಕೇ ಕಂಟೈನರಿಗೂ. ನಿಜವಾಗಿ ನೆಟ್‌ವರ್ಕ್ ಬೇಡ ಅಂದರೆ ‘ಎಂಪ್ಟಿ’ ಅಂತ ಬರೆಯಬೇಕು. ಕನ್ನಡದ ಕಿವಿಗೆ ಇದು ಸುಲಭವಾಗಿ ನೆನಪಿರುತ್ತದೆ: ‘ನನ್’ ಅಂದರೆ ನನ್ ನೆಟ್‌ವರ್ಕೇ ನಿನ್ ನೆಟ್‌ವರ್ಕು!

ಹಂಚಿಕೊಂಡರೆ ಏನು ಮಹಾ, ಐಪಿ ವಿಳಾಸ ಒಂದೇ ಆಗುತ್ತದೆ ಅಷ್ಟೇ ಅಲ್ವಾ ಅನ್ನಿಸಬಹುದು. ಎಲ್‌ಎಕ್ಸ್‌ಸಿಯ ಕೈಪಿಡಿಯಲ್ಲೇ ಒಂದು ಎಚ್ಚರಿಕೆ ಇದೆ. ಹೋಸ್ಟ್ ಮತ್ತು ಕಂಟೈನರ್ ಎರಡರಲ್ಲೂ ಅಪ್‌ಸ್ಟಾರ್ಟ್ ಇದ್ದು, ನೀವು ಕಂಟೈನರಿನೊಳಗೆ ಕೂತು ‘ಹಾಲ್ಟ್’ ಅಂತ ಟೈಪ್ ಮಾಡಿದರೆ, ಆಫ್ ಆಗುವುದು ಹೋಸ್ಟ್! ಉಬುಂಟು 2006ರಿಂದ ಸುಮಾರು 2015ರವರೆಗೆ ಯಂತ್ರ ಶುರುಮಾಡಲು, ನಿಲ್ಲಿಸಲು ಬಳಸುತ್ತಿದ್ದದ್ದು ಇದೇ ಅಪ್‌ಸ್ಟಾರ್ಟನ್ನು.

ಯಾಕೆ ಹೀಗೆ? ಒಂದೇ ಯಂತ್ರದ ಪ್ರೋಗ್ರಾಮುಗಳು ಪರಸ್ಪರ ಮಾತಾಡಲು ಯೂನಿಕ್ಸ್ ಸಾಕೆಟ್ ಬಳಸುತ್ತವೆ. ಸಾಮಾನ್ಯವಾಗಿ ಅದು ಡಿಸ್ಕಿನಲ್ಲಿ ಒಂದು ಫೈಲಿನ ಹಾಗೆ ಕಾಣುತ್ತದೆ. ಕಂಟೈನರಿಗೆ ತನ್ನದೇ ಫೈಲುಗಳಿರುವುದರಿಂದ ಹೊರಗಿನ ಸಾಕೆಟ್ ಅದರ ಕಣ್ಣಿಗೆ ಬೀಳುವುದಿಲ್ಲ. ಆದರೆ ಲಿನಕ್ಸಿನಲ್ಲಿ ‘ಅಬ್‌ಸ್ಟ್ರಾಕ್ಟ್’ ಸಾಕೆಟ್ ಅಂತ ಇನ್ನೊಂದು ಜಾತಿ ಇದೆ. ಅದಕ್ಕೆ ಫೈಲ್ ಇಲ್ಲ, ಬರೀ ಹೆಸರು. ಆ ಹೆಸರುಗಳ ಪಟ್ಟಿಯನ್ನು ಕರ್ನೆಲ್ (ಲಿನಕ್ಸಿನ ತಿರುಳು) ಇಟ್ಟುಕೊಳ್ಳುವುದು ನೆಟ್‌ವರ್ಕಿನ ಲೆಕ್ಕದಲ್ಲಿ. ನೆಟ್‌ವರ್ಕ್ ಹಂಚಿಕೊಂಡರೆ ಈ ಪಟ್ಟಿಯೂ ಹಂಚಿಕೆಯಾಯಿತು ಅಂತಲೇ. ಅಪ್‌ಸ್ಟಾರ್ಟ್ ಕಿವಿಗೊಟ್ಟು ಕೂತಿದ್ದದ್ದು ಇಂಥದೇ ಸಾಕೆಟ್ಟಿನಲ್ಲಿ. ಒಳಗಿಂದ ಕೂಗಿದ್ದು ಹೊರಗಿನ ಯಜಮಾನನಿಗೆ ಕೇಳಿಸಿತು, ಅವನು ದೀಪ ಆರಿಸಿ ಹೊರಟ.

ಹಳೇ ಕಥೆ ಅನ್ನಬೇಡಿ. 2020ರ ನವೆಂಬರ್ ಕೊನೆಗೆ, ಡಾಕರ್‌ನ ಕೆಳಗೆ ಕೆಲಸ ಮಾಡುವ ಕಂಟೈನರ್‌ಡಿಯಲ್ಲಿ ಇದೇ ಬಗೆಯ ಬಿರುಕು ಬಯಲಾಯಿತು. ಅದರ ಒಂದು ಭಾಗವೂ ಅಬ್‌ಸ್ಟ್ರಾಕ್ಟ್ ಸಾಕೆಟ್ಟಿನಲ್ಲಿ ಕಾಯುತ್ತಿತ್ತು, ಬಂದವರನ್ನು ಕೇಳುತ್ತಿದ್ದದ್ದು ‘ನೀನು ರೂಟಾ?’ ಅಂತ ಮಾತ್ರ. ರೂಟ್ ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರ. ಹೋಸ್ಟ್ ನೆಟ್‌ವರ್ಕಿನಲ್ಲಿ ರೂಟ್ ಆಗಿ ಓಡುವ ಕಂಟೈನರ್ ‘ಹೌದು’ ಅಂದು ಒಳಗೆ ಬಂದುಬಿಡಬಹುದಿತ್ತು. 1.3.9 ಮತ್ತು 1.4.3 ಆವೃತ್ತಿಗಳಲ್ಲಿ ಫೈಲ್ ಸಾಕೆಟ್ಟಿಗೆ ಬದಲಾಯಿಸಿ ಸರಿಮಾಡಿದರು.

ಗೋಡೆ ಕಟ್ಟುವುದು ಕರ್ನೆಲ್ಲಿನ ನೆಟ್‌ವರ್ಕ್ ನೇಮ್‌ಸ್ಪೇಸ್. 2008ರ ಜನವರಿಯ 2.6.24 ಆವೃತ್ತಿಯಿಂದ ಇದು ಬರತೊಡಗಿತು. ಪ್ರತಿ ನೇಮ್‌ಸ್ಪೇಸಿಗೂ ತನ್ನದೇ ಕಾರ್ಡು, ವಿಳಾಸ, ರೂಟಿಂಗ್ ಪಟ್ಟಿ, ಫೈರ್‌ವಾಲ್, ಪೋರ್ಟು (ಸರ್ವರ್ ಕಾಯುವ ಬಾಗಿಲ ಸಂಖ್ಯೆ). ಹಾಗಾಗಿ ಹತ್ತು ಕಂಟೈನರುಗಳಲ್ಲಿ ಹತ್ತು ವೆಬ್ ಸರ್ವರುಗಳು 80ನೇ ಪೋರ್ಟಿನಲ್ಲೇ ಜಗಳವಿಲ್ಲದೆ ಕೂರಬಹುದು. ಖಾಲಿ ನೇಮ್‌ಸ್ಪೇಸ್ ಹೇಗಿರುತ್ತದೆ ಅಂತ ನೋಡಬೇಕಾದರೆ ರೂಟ್ ಆಗಿ ‘ಅನ್‌ಶೇರ್’ ಕಮಾಂಡಿಗೆ ನೆಟ್ ಆಯ್ಕೆ ಕೊಟ್ಟು ಒಂದು ಶೆಲ್ ತೆರೆಯಿರಿ. ಅಲ್ಲಿರುವುದು ಲೂಪ್‌ಬ್ಯಾಕ್ (ಯಂತ್ರ ತನ್ನ ಜೊತೆ ತಾನೇ ಮಾತಾಡುವ ದಾರಿ) ಒಂದೇ, ಅದೂ ಆಫ್ ಆಗಿರುತ್ತದೆ. ಅದರ ವಿಳಾಸ 127.0.0.1ಕ್ಕೆ ಪಿಂಗ್ ಮಾಡಿದರೆ ದಾರಿಯೇ ಇಲ್ಲ ಅನ್ನುತ್ತದೆ. ತನ್ನನ್ನು ತಾನೇ ಕರೆದರೂ ಕೇಳಿಸದಷ್ಟು ಒಂಟಿ.

ಇಂಥ ಕೋಣೆಗೆ ಮಾತು ತಲುಪಿಸಲು ಜಾಸ್ತಿ ಬಳಸುವುದು ‘ವೆಥ್’ ಜೋಡಿ. ಚಿಕ್ಕಂದಿನಲ್ಲಿ ಎರಡು ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಫೋನ್ ಮಾಡಿದ್ದು ನೆನಪಿದೆಯಾ? ಅದೇ ಇದು. ಒಂದು ಪೊಟ್ಟಣ ಕಂಟೈನರಿನಲ್ಲಿ, ಇನ್ನೊಂದು ಹೋಸ್ಟಿನಲ್ಲಿ. ಒಂದನ್ನು ಅಳಿಸಿದರೆ ಇನ್ನೊಂದೂ ಮಾಯ. ಎಲ್‌ಎಕ್ಸ್‌ಸಿಯಲ್ಲಿ ಹೋಸ್ಟಿನ ತುದಿಯನ್ನು ಸಾಮಾನ್ಯವಾಗಿ ಒಂದು ಬ್ರಿಡ್ಜಿಗೆ (ಹಲವು ತುದಿಗಳನ್ನು ಕೂಡಿಸುವ ಸಾಫ್ಟ್‌ವೇರ್ ಸ್ವಿಚ್ಚಿಗೆ) ಸಿಕ್ಕಿಸುತ್ತಾರೆ, ಅದರ ವಿಳಾಸ 10.0.3.1. ಕಂಟೈನರುಗಳಿಗೆ ಅದೇ ಸಾಲಿನ ವಿಳಾಸ ಸಿಗುತ್ತದೆ. ತುಂಬ ಜನ ಇಲ್ಲೊಂದು ವಿಷಯ ಮರೆಯುತ್ತಾರೆ. ಹೋಸ್ಟಿನಿಂದ ಬೇರೆಯಾದರೂ, ಒಂದೇ ಬ್ರಿಡ್ಜಿನ ಕಂಟೈನರುಗಳು ತಂತಮ್ಮಲ್ಲಿ ಆರಾಮಾಗಿ ಹರಟುತ್ತವೆ. ಅದು ಬೇಡವಾದರೆ ಬೇರೆ ಬ್ರಿಡ್ಜ್ ಕೊಡಬೇಕು, ಇಲ್ಲಾ ಫೈರ್‌ವಾಲ್ ಬರೆಯಬೇಕು.

ವೆಥ್ ಬದಲು ‘ಮ್ಯಾಕ್‌ವಿಲ್ಯಾನ್’ ಅನ್ನುವ ಬಗೆ ಹಾಕಿದರೆ ಕಂಟೈನರ್ ನೇರ ರೂಟರಿನಿಂದಲೇ ವಿಳಾಸ ಪಡೆಯುತ್ತದೆ, ಆದರೆ ತನ್ನದೇ ಹೋಸ್ಟಿನ ಜೊತೆ ಮಾತು ಬಿಡುತ್ತದೆ. ವೈಫೈ ಮೇಲೆ ಸಾಮಾನ್ಯವಾಗಿ ಕೆಲಸ ಮಾಡುವುದೂ ಇಲ್ಲ. ‘ಫಿಸ್’ ಅಂದರೆ ಅಸಲಿ ಕಾರ್ಡನ್ನೇ ಒಳಗೆ ಕಳಿಸುವುದು. ಒಂದು ಕಾರ್ಡು ಒಂದು ಸಲಕ್ಕೆ ಒಂದೇ ನೇಮ್‌ಸ್ಪೇಸಿನಲ್ಲಿರಬಹುದು. ನಾನು ಸುಮ್ನೆ ನೋಡೋಣ ಅಂತ ಇದನ್ನು ಮಾಡಿದ್ದು ದೂರದ ಸರ್ವರ್ ಒಂದರಲ್ಲಿ, ನೆಟ್‌ವರ್ಕಿನಲ್ಲೇ ಕಮಾಂಡ್ ಕಳಿಸುವ ಎಸ್‌ಎಸ್‌ಎಚ್ ಮೂಲಕ, ಇದ್ದ ಒಂದೇ ಕಾರ್ಡಿನ ಮೇಲೆ. ಎಂಟರ್ ಒತ್ತಿದ ಕ್ಷಣವೇ ಪರದೆ ಕಲ್ಲಾಯಿತು. ಕಂಟೈನರ್ ನಿಂತರೆ ಕಾರ್ಡು ತಾನಾಗಿ ಹೋಸ್ಟಿಗೆ ಮರಳುತ್ತದೆ, ನಿಜ, ಆದರೆ ನಿಲ್ಲಿಸಲು ಒಳಗೆ ಹೋಗುವುದು ಹೇಗೆ?

ಸಿಸ್ಟಮ್‌ಡಿ-ಎನ್‌ಸ್ಪಾನ್ ಅನ್ನುವ ಕಂಟೈನರ್ ಸಾಧನ ಬಳಸುವವರಿಗೆ ಇನ್ನೊಂದು ಮಜಾ. ಕೈಯಿಂದ ಕಮಾಂಡ್ ಕೊಟ್ಟರೆ ಮಾಮೂಲಿಯಾಗಿ ಹೋಸ್ಟ್ ನೆಟ್‌ವರ್ಕೇ ಸಿಗುತ್ತದೆ, ಅದರದೇ ಸರ್ವಿಸ್ ಫೈಲಿನಿಂದ ಶುರುಮಾಡಿದರೆ ವೆಥ್. ಎರಡು ಬಾಗಿಲು, ಎರಡು ರೂಢಿ.

ಹಾಗಾಗಿ ನಾನು ಸೆಟ್ಟಿಂಗಿನ ಹೆಸರು ನಂಬುವುದು ಬಿಟ್ಟಿದ್ದೇನೆ. ಲಿನಕ್ಸಿನ ಪ್ರಾಕ್ (/proc) ಫೋಲ್ಡರಿನಲ್ಲಿ ‘ಸೆಲ್ಫ್’, ಅದರೊಳಗೆ ‘ಎನ್‌ಎಸ್’, ಅದರೊಳಗೆ ‘ನೆಟ್’ ಅನ್ನುವ ಕೊಂಡಿ ಇದೆ. ಅದು ತೋರಿಸುವುದು ನೇಮ್‌ಸ್ಪೇಸಿನ ಸಂಖ್ಯೆ, ಸಾಮಾನ್ಯವಾಗಿ 4026 ಅಂತ ಶುರುವಾಗುವ ಹತ್ತಂಕಿ. ಒಮ್ಮೆ ಹೋಸ್ಟಿನಲ್ಲಿ, ಒಮ್ಮೆ ಕಂಟೈನರಿನೊಳಗೆ ಓದಿ ನೋಡುತ್ತೇನೆ. ಎರಡೂ ಕಡೆ ಒಂದೇ ಸಂಖ್ಯೆ ಬಂದರೆ ಕಾನ್ಫಿಗ್ ಫೈಲ್ ಮತ್ತೆ ತೆರೆಯುತ್ತೇನೆ.